ಕೇಪ್ ವರ್ಡೆ ದೇಶವನ್ನು ರೂಪಿಸಿದವರು ಯಾರು?

ಪಶ್ಚಿಮ ಆಫ್ರಿಕಾದ ಆಚೆ, ಅಟ್ಲಾಂಟಿಕ್ ಸಾಗರದಲ್ಲಿರುವ ಹತ್ತು ದ್ವೀಪಗಳ ದೇಶ ಇದು. ಇಲ್ಲಿ ಮೊದಲು ಹೇಳಬೇಕಾದ ಹೆಸರು ಅಮಿಲ್ಕಾರ್ ಕಬ್ರಾಲ್. ಓದಿದ್ದು ಕೃಷಿ ವಿಜ್ಞಾನ. ಪೋರ್ಚುಗೀಸ್ ಸರ್ಕಾರದ ನೌಕರಿಯಲ್ಲಿ ಈಗಿನ ಗಿನಿ-ಬಿಸೌದ ಹಳ್ಳಿಗಳನ್ನೆಲ್ಲ ಸುತ್ತಿ ಬೆಳೆ ಸಮೀಕ್ಷೆ ಮಾಡಿದ ಈ ಮನುಷ್ಯ, ಆಮೇಲೆ ಪೋರ್ಚುಗಲ್ ಆಳ್ವಿಕೆಯಲ್ಲಿದ್ದ ಆ ನಾಡು ಮತ್ತು ಕೇಪ್ ವರ್ಡೆ ಎರಡರ ಸ್ವಾತಂತ್ರ್ಯಕ್ಕಾಗಿ ಅದೇ ಸರ್ಕಾರದ ವಿರುದ್ಧ ಅದೇ ನೆಲದಲ್ಲಿ ಹೋರಾಟ ಕಟ್ಟಿದರು. 1973ರ ಜನವರಿಯಲ್ಲಿ ಅವರ ಕೊಲೆಯಾಯಿತು. ಕೇಪ್ ವರ್ಡೆಯ 1975ರ ಸ್ವಾತಂತ್ರ್ಯವನ್ನು ನೋಡಲು ಅವರಿರಲಿಲ್ಲ, ಅದು ನಿಜಕ್ಕೂ ದುಃಖದ ಸಂಗತಿ.

ಮೊದಲ ಅಧ್ಯಕ್ಷ ಅರಿಸ್ಟೈಡಿಸ್ ಪೆರೇರಾ. 1991ರ ಬಹುಪಕ್ಷ ಚುನಾವಣೆಯಲ್ಲಿ ಸೋತಾಗ ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟರು. ಇದು ಸಣ್ಣ ಮಾತಲ್ಲ, ಅಲ್ವಾ?

ಇನ್ನು ಸಂಗೀತ ಅಂದರೆ ಸೆಸಾರಿಯಾ ಎವೊರಾ. ಮಿಂಡೆಲೊ ಊರಿನ ಬಾರುಗಳಲ್ಲಿ ಹಾಡಿ ಬೆಳೆದವರು. ಜಗತ್ತಿನ ವೇದಿಕೆಗಳಲ್ಲೂ ಬರಿಗಾಲಲ್ಲೇ ನಿಂತು, ಅಲ್ಲಿನ ಜನರ ಕ್ರಿಯೋಲ್ ಭಾಷೆಯಲ್ಲೇ ಮೊರ್ನಾ ಎಂಬ ಅಲ್ಲಿನದೇ ಶೈಲಿಯ ಹಾಡುಗಳನ್ನು ಹಾಡಿದರು. 2019ರಲ್ಲಿ ಯುನೆಸ್ಕೊ ಮೊರ್ನಾವನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು.