ಕೋವಿಡ್ ಪರಾಮರ್ಶೆ ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕಿನಿಂದ ಶುರುವಾಗಬೇಕು

ಕೋವಿಡ್ ಕಾಲದಲ್ಲಿ ಸರ್ಕಾರ ಕೈಗೊಂಡ ಕ್ರಮಗಳನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಪರಿಶೀಲಿಸಿದರೆ ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧರಾಗಲು ನಿಜವಾಗಿ ಸಹಾಯವಾಗುತ್ತದೆಯೇ, ಅಥವಾ ಅದು ಯಾರ ಮೇಲೆ ತಪ್ಪು ಹೊರಿಸಬೇಕೆಂದು ಹುಡುಕುವುದರಲ್ಲೇ ಮುಗಿದುಹೋಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಸಹಾಯ ಖಂಡಿತ ಆಗುತ್ತದೆ. ಆದರೆ ಪರಾಮರ್ಶೆ ಮಾಡುವವರು ಯಾವ ಪ್ರಶ್ನೆ ಕೇಳುತ್ತಾರೆ, ಯಾರನ್ನು ಕೂರಿಸಿಕೊಂಡು ಕೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾನು ದಕ್ಷಿಣ ಕೊಡಗಿನಲ್ಲಿ, ಕೇರಳ ಗಡಿಗೆ ಹತ್ತಿರದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದು ಈಗ ನಿವೃತ್ತನಾಗಿದ್ದೇನೆ. 2020 ಮತ್ತು 2021ರ ಎರಡೂ ಅಲೆಗಳಲ್ಲಿ ಊರೂರು ತಿರುಗಿ ಕೆಲಸ ಮಾಡಿದವನಾಗಿ ಈ ಉತ್ತರ ಬರೆಯುತ್ತಿದ್ದೇನೆ.

ಮೊದಲಿಗೆ ಎರಡು ಬಗೆಯ ವಿಚಾರಣೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಕೋವಿಡ್ ಸಂದರ್ಭದ ಖರೀದಿಗಳಲ್ಲಿ ಅಕ್ರಮ ನಡೆದಿದೆಯೇ ಎಂದು ತನಿಖೆ ಮಾಡಲು ಕರ್ನಾಟಕ ಸರ್ಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತು. ಆಯೋಗ 2024ರ ಆಗಸ್ಟ್ ಕೊನೆಯಲ್ಲಿ ಮಧ್ಯಂತರ ವರದಿ ಕೊಟ್ಟಿತು. ಜನರ ದುಡ್ಡಿನ ಲೆಕ್ಕ ಕೇಳುವ ಇಂತಹ ಕೆಲಸ ಆಗಲೇಬೇಕು. ಆದರೆ ಹಣದ ತನಿಖೆಯ ಕೊನೆಯಲ್ಲಿ ಶಿಕ್ಷೆ ಇರುತ್ತದೆ, ಶಿಕ್ಷೆಯಿರುವ ಕಡೆ ಯಾರೂ ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ಸಿದ್ಧತೆಗಾಗಿ ಮಾಡುವ ಪರಾಮರ್ಶೆಯಲ್ಲಿ ಇದಕ್ಕೆ ತದ್ವಿರುದ್ಧ ವಾತಾವರಣ ಬೇಕು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ವಿಧಾನದಲ್ಲಿ ಕೇಳುವ ಪ್ರಶ್ನೆಗಳು ಬಹಳ ಸರಳವಾದವು: ರೋಗ ಬರುವ ಮುನ್ನ ಕೈಯಲ್ಲಿ ಏನಿತ್ತು, ಬಂದಾಗ ಏನು ನಡೆಯಿತು, ಯಾವುದು ಸರಿಹೋಯಿತು, ಯಾವುದು ಕೈಕೊಟ್ಟಿತು, ಏಕೆ, ಮುಂದೆ ಏನು ಮಾಡೋಣ. ಈ ಎರಡು ಕೆಲಸಗಳನ್ನು ಒಂದೇ ಸಮಿತಿಗೆ ಒಪ್ಪಿಸಿದರೆ ಎರಡೂ ಕೆಡುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರಾಮರ್ಶೆ ಮಾಡಿದರೂ ಅದರ ಫಲ ತಾನಾಗಿ ಬರುವುದಿಲ್ಲ. ಬ್ರಿಟನ್ 2016ರಲ್ಲಿಯೇ ಇನ್‌ಫ್ಲುಯೆಂಜಾ ಮಹಾಮಾರಿ ಬಂದರೆ ಏನು ಮಾಡಬೇಕೆಂದು ‘ಸಿಗ್ನಸ್’ ಹೆಸರಿನ ಅಣಕು ಕಾರ್ಯಾಚರಣೆ ನಡೆಸಿತ್ತು. ಕೊರತೆಗಳೂ ಕಾಗದದ ಮೇಲೆ ಬಂದಿದ್ದವು. ನ್ಯಾಯಮೂರ್ತಿ ಹೆದರ್ ಹ್ಯಾಲೆಟ್ ನೇತೃತ್ವದ ಅಲ್ಲಿನ ಕೋವಿಡ್ ವಿಚಾರಣೆ 2024ರ ಜುಲೈನಲ್ಲಿ ಪ್ರಕಟಿಸಿದ ಮೊದಲ ವರದಿಯು, ದೇಶ ಸಿದ್ಧವಾಗಿದ್ದದ್ದು ಬೇರೆಯೇ ರೋಗಕ್ಕೆ, ಹಿಂದೆ ಕಲಿತ ಪಾಠಗಳೂ ಸಾಕಷ್ಟು ಜಾರಿಗೆ ಬಂದಿರಲಿಲ್ಲ ಎಂದು ಹೇಳಿತು. ನಮ್ಮ ನೆರೆಯ ಕೇರಳದಲ್ಲಿ ಇದಕ್ಕೆ ಪ್ರತಿಯಾದ ಉದಾಹರಣೆ ಇದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಭಾಗದಲ್ಲಿ ನಿಪಾ ವೈರಸ್ 17 ಜನರನ್ನು ಬಲಿ ತೆಗೆದುಕೊಂಡಾಗ ಆಸ್ಪತ್ರೆಯ ಒಳಗೇ ಸೋಂಕು ಹರಡಿದ್ದನ್ನು ಅವರು ಬಿಡಿಬಿಡಿಯಾಗಿ ದಾಖಲಿಸಿಕೊಂಡರು. ಮರುವರ್ಷ ಎರ್ನಾಕುಲಂನಲ್ಲಿ ಒಬ್ಬ ವಿದ್ಯಾರ್ಥಿಗೆ ನಿಪಾ ತಗುಲಿದಾಗ ಅದು ಅವನಿಂದ ಇನ್ನೊಬ್ಬರಿಗೆ ದಾಟಲಿಲ್ಲ, ಅವನೂ ಬದುಕಿ ಉಳಿದ. ಮಾಕುಟ್ಟ, ಕುಟ್ಟ, ಕರಿಕೆಯ ದಾರಿಗಳಲ್ಲಿ ದಿನವೂ ಕೇರಳಕ್ಕೆ ಹೋಗಿ ಬರುವ ನಮ್ಮ ಜಿಲ್ಲೆಯವರಿಗೆ ಇದು ದೂರದ ಕತೆಯಲ್ಲ.

ಈಗ ನಮ್ಮೂರಿನ ಕಡೆಗೆ ಬರುತ್ತೇನೆ. ಕೊಡಗಿನಲ್ಲಿ ಮೊದಲ ಕೋವಿಡ್ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್ 19ರಂದು, ವಿದೇಶದಿಂದ ಮರಳಿದವರೊಬ್ಬರಲ್ಲಿ. ಆ ದಿನದಿಂದ ನಮ್ಮ ಕೇಂದ್ರದ ಆಶಾ ಕಾರ್ಯಕರ್ತೆಯೊಬ್ಬರು ಇನ್ನೂರು ಪುಟಗಳ ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡರು. ಯಾರ ಮನೆಗೆ ಎಷ್ಟು ಗಂಟೆಗೆ ಹೋದೆ, ಎಡಗೈ ಮೇಲೆ ಕ್ವಾರಂಟೈನ್ ಮುದ್ರೆ ಇತ್ತೇ, ಮನೆಯಲ್ಲಿ ಅಕ್ಕಿ ಇದೆಯೇ, ಬಿಪಿ ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ, ಯಾರು ಬಾಗಿಲು ತೆರೆಯಲಿಲ್ಲ ಎಂಬುದೆಲ್ಲ ನೀಲಿ ಪೆನ್ನಿನಲ್ಲಿ ಅದರಲ್ಲಿದೆ. ಇಲಾಖೆಯ ಪೋರ್ಟಲ್‌ಗೆ ಹೋದದ್ದು ಇಷ್ಟರಲ್ಲಿ ಮೂರೋ ನಾಲ್ಕೋ ಕಾಲಂಗಳ ಮಾಹಿತಿ ಮಾತ್ರ. ‘ಅಕ್ಕಿ ಇಲ್ಲ, ಪಕ್ಕದ ಮನೆಯವರು ನೀರು ಕೊಡುತ್ತಿಲ್ಲ’ ಎಂಬ ಸಾಲಿಗೆ ಯಾವ ಪೋರ್ಟಲ್‌ನಲ್ಲಿಯೂ ಜಾಗ ಇರಲಿಲ್ಲ. ಕ್ವಾರಂಟೈನ್ ಮುರಿದು ಹೊರಗೆ ಬಂದವರಲ್ಲಿ ಹೆಚ್ಚಿನವರು ಏಕೆ ಬಂದರು ಎಂಬುದಕ್ಕೆ ಉತ್ತರ ಇರುವುದು ಆ ಸಾಲಿನಲ್ಲಿಯೇ. ನಮ್ಮಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಆ ನೋಟ್‌ಬುಕ್ಕಿನ ಮೊದಲ ಕೆಲವು ಹಾಳೆಗಳು ಈಗಾಗಲೇ ಒಂದಕ್ಕೊಂದು ಅಂಟಿಕೊಂಡಿವೆ. ಪರಾಮರ್ಶೆಯನ್ನು ಮುಂದೂಡುವುದರಿಂದ ಆಗುವ ನಷ್ಟ ಎಂದರೆ ನನಗೆ ಕಣ್ಣಮುಂದೆ ಬರುವುದು ಆ ಹಾಳೆಗಳು.

ಅದೇ ಮಾರ್ಚ್ ಕೊನೆಯಲ್ಲಿ, ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಆ್ಯಪ್ ಮೂಲಕ ಕಳುಹಿಸಬೇಕೆಂಬ ಆದೇಶ ರಾಜ್ಯದಲ್ಲಿ ಬಂತು. ಬೆಂಗಳೂರಿನಲ್ಲಿ ಇದು ನಡೆದಿರಬಹುದು. ನಮ್ಮ ವ್ಯಾಪ್ತಿಯ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಅಂಗಳ ದಾಟಿ ತೋಟದ ಏರಿಗೆ ಹತ್ತಬೇಕು. ಅಂದರೆ ಮನೆಯಲ್ಲೇ ಇದ್ದೇನೆ ಎಂದು ತೋರಿಸಲು ಆ ಮನುಷ್ಯ ಮನೆಯಿಂದ ಹೊರಬರಬೇಕಿತ್ತು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿ ಸಾರ್ವಜನಿಕವಾಗಿ ಪ್ರಕಟವಾದದ್ದರಿಂದ ಆದ ಹಾನಿ ಇನ್ನೂ ದೊಡ್ಡದು. ಹೆಸರು ಹೊರಬಿದ್ದ ಕುಟುಂಬಗಳನ್ನು ಊರು ದೂರವಿಟ್ಟಿತು, ಅದನ್ನು ಕಂಡ ಇತರರು ಜ್ವರವನ್ನೇ ಮುಚ್ಚಿಟ್ಟರು. ಮುಂದಿನ ಸಲ ಇಂತಹ ಪಟ್ಟಿ ಪ್ರಕಟಿಸಬಾರದೆಂದು ಬರಹದಲ್ಲಿ ನಿರ್ಧಾರವಾಗದಿದ್ದರೆ, ಆತುರದಲ್ಲಿ ಯಾರೋ ಮತ್ತೆ ಅದನ್ನೇ ಮಾಡುತ್ತಾರೆ.

ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕೈಗೆ ಬಂದ ರಾಜ್ಯಮಟ್ಟದ ಯಾವ ಮಾರ್ಗಸೂಚಿಯಲ್ಲಿಯೂ ಅವು ಕಾಣಿಸಲಿಲ್ಲ. 2021ರ ಮೇ ತಿಂಗಳ ಒಂದು ಸಂಜೆ ನಾನು ಮತ್ತು ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ) ಸಿಸ್ಟರ್ ಒಂದು ಕಾಫಿ ತೋಟದ ಲೈನ್‌ಗೆ ಹೋದೆವು. ಒಂದೇ ಸಾಲಿನಲ್ಲಿ ಎಂಟು ಬಾಗಿಲು, ಪ್ರತಿ ಬಾಗಿಲಿನ ಹಿಂದೆ ಒಂದು ಕೋಣೆ ಮತ್ತು ಒಂದು ಅಡುಗೆ ಜಾಗ, ಎಂಟು ಮನೆಗೂ ಸೇರಿ ಒಂದು ನಲ್ಲಿ, ಎರಡು ಶೌಚಾಲಯ. ಕೊನೆಯ ಬಾಗಿಲಿನವರಿಗೆ ಪಾಸಿಟಿವ್ ಬಂದಿತ್ತು. ಸೋಂಕಿತರಿಗೆ ಪ್ರತ್ಯೇಕ ಕೋಣೆ ಮತ್ತು ಪ್ರತ್ಯೇಕ ಶೌಚಾಲಯ ಇರಬೇಕೆಂಬ ನಿಯಮವನ್ನು ಓದಿ ಹೇಳಬೇಕಾದವನು ನಾನು. ಅವರ ಹೆಂಡತಿ ಹಗ್ಗ ಕಟ್ಟಿ ಹಳೆಯ ಸೀರೆಯೊಂದನ್ನು ಕೋಣೆಯ ನಡುವೆ ಇಳಿಬಿಟ್ಟಿದ್ದರು. ಸೀರೆಯ ಈಚೆ ಇಬ್ಬರು ಮಕ್ಕಳು ಕುಳಿತಿದ್ದರು. ಮಳೆಯಲ್ಲಿ ನೆನೆದು ತಣ್ಣಗಾಗಿದ್ದ ಬೆರಳಿನಲ್ಲಿ ಆಕ್ಸಿಮೀಟರ್ ಏನನ್ನೂ ತೋರಿಸಲಿಲ್ಲ, ಸಿಸ್ಟರ್ ಎರಡು ನಿಮಿಷ ಆ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿದ ಮೇಲೆ 91 ಎಂದು ಬಂತು. ಆಸ್ಪತ್ರೆಗೆ ಹೊರಡಿ ಎಂದಾಗ ಆ ಮನುಷ್ಯ ಕೇಳಿದ್ದು ಒಂದೇ ಮಾತು: “ನಾನು ಹೋದ್ರೆ ಇವಳಿಗೆ ಕೆಲಸ ಕೊಡ್ತಾರಾ ಸಾರ್?”

ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲ, ನನ್ನ ಮೇಲಿನವರಿಗೂ ಇರಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ತೋಟದಲ್ಲಿ ಮಾಲೀಕರು ತಾವಾಗಿಯೇ ಕಾಫಿ ಗೋದಾಮು ಖಾಲಿ ಮಾಡಿಸಿ ಆರು ಮಂಚ ಹಾಕಿಸಿದರು. ಜ್ವರ ಬಂದವರು ಅಲ್ಲಿರುವಷ್ಟು ದಿನವೂ ಕೂಲಿ ಬರೆಯುವಂತೆ ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿದರು. ಅಲ್ಲಿಯ ಜನ ಜ್ವರ ಬಂದ ದಿನವೇ ಬಂದು ಹೇಳುತ್ತಿದ್ದರು, ಸ್ವಾಬ್ ಕೊಡಲು ಹಿಂಜರಿಯುತ್ತಿರಲಿಲ್ಲ. ಎರಡು ತೋಟಗಳ ನಡುವಿನ ಈ ವ್ಯತ್ಯಾಸವನ್ನು ಇಂದಿನವರೆಗೆ ಯಾವ ಅಧಿಕಾರಿಯೂ ನನ್ನನ್ನು ಕೇಳಿ ಬರೆದುಕೊಂಡಿಲ್ಲ. ಪರಾಮರ್ಶೆಯಲ್ಲಿ ಕೈಕೊಟ್ಟದ್ದನ್ನು ಹುಡುಕುವಷ್ಟೇ ಶ್ರದ್ಧೆಯಿಂದ, ಸರಿಹೋದದ್ದನ್ನೂ ಹುಡುಕಬೇಕೆಂದು ನಾನು ಹೇಳುವುದು ಇದಕ್ಕಾಗಿ. ಯರವ, ಜೇನುಕುರುಬ, ಪಣಿಯ ಕುಟುಂಬಗಳ ಹಾಡಿಗಳಲ್ಲಿಯೂ ಹೀಗೆಯೇ. ಲಸಿಕೆಗೆ ಹೆದರಿ ಕಾಡಿನ ಅಂಚಿಗೆ ಸರಿದವರು, ಅವರದೇ ಹಾಡಿಯ ಅಂಗನವಾಡಿ ಸಹಾಯಕಿ ಎಲ್ಲರೆದುರು ಮೊದಲು ಚುಚ್ಚಿಸಿಕೊಂಡ ಮೇಲೆ ಒಬ್ಬೊಬ್ಬರಾಗಿ ಬಂದರು.

ಕೊಡಗಿನ ಮಟ್ಟಿಗೆ ಇನ್ನೊಂದು ವಿಷಯವನ್ನು ಬಿಟ್ಟು ಪರಾಮರ್ಶೆ ಮಾಡುವಂತಿಲ್ಲ, ಅದು ಮಳೆ. ನೀತಿ ಆಯೋಗದ ತಜ್ಞರ ಗುಂಪು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾಂಕ್ರಾಮಿಕದ ಮೊದಲ 100 ದಿನಗಳೇ ನಿರ್ಣಾಯಕವೆಂದು ಹೇಳಿದೆ. 1897ರ ಸಾಂಕ್ರಾಮಿಕ ರೋಗ ಕಾಯ್ದೆ ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆ ಸಾಲದು, ಹೊಸ ಕಾನೂನು ಬೇಕೆಂದೂ ಶಿಫಾರಸು ಮಾಡಿದೆ. ಒಳ್ಳೆಯ ವರದಿ. ಆದರೆ ಆ 100 ದಿನಗಳು ನಮ್ಮಲ್ಲಿ ಜೂನ್ ಒಂದರಿಂದ ಶುರುವಾದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. 2020ರ ಆಗಸ್ಟ್ 6ರ ನಸುಕಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು, ಅರ್ಚಕರ ಕುಟುಂಬದವರೂ ಸೇರಿ ಐವರು ಮಣ್ಣಿನಡಿ ಸಿಲುಕಿದಾಗ ಜಿಲ್ಲೆ ಕೋವಿಡ್‌ನ ನಡುವೆಯೇ ಇತ್ತು. ಜನರನ್ನು ಒಂದೆಡೆ ಸೇರಿಸಬೇಡಿ ಎಂದು ರೋಗ ಹೇಳುತ್ತದೆ, ಎಲ್ಲರನ್ನೂ ಒಂದೇ ಶಾಲೆಯ ಪರಿಹಾರ ಕೇಂದ್ರಕ್ಕೆ ತನ್ನಿ ಎಂದು ಮಳೆ ಹೇಳುತ್ತದೆ. ಅದೇ ಶಾಲೆ ಅಥವಾ ಹಾಸ್ಟೆಲ್ ಕ್ವಾರಂಟೈನ್ ಕೇಂದ್ರವಾಗಿಯೂ ಗೊತ್ತುಪಡಿಸಿದ್ದರೆ ಯಾವುದಕ್ಕೆ ಬಿಟ್ಟುಕೊಡುವುದು? ಕಂದಾಯ ಇಲಾಖೆಯ ಮಳೆಗಾಲದ ಯೋಜನೆ ಮತ್ತು ಆರೋಗ್ಯ ಇಲಾಖೆಯ ಸಾಂಕ್ರಾಮಿಕ ಯೋಜನೆ ಒಂದೇ ಮೇಜಿನ ಮೇಲೆ, ಒಂದೇ ಕಟ್ಟಡಗಳ ಪಟ್ಟಿಯ ಮುಂದೆ ತಯಾರಾಗಬೇಕು. ಅಣಕು ಕಾರ್ಯಾಚರಣೆ ನಡೆಸುವುದಾದರೆ ಅದನ್ನು ಜನವರಿಯ ಬಿಸಿಲಿನಲ್ಲಿ ಮಾಡದೆ ಜುಲೈ ತಿಂಗಳಲ್ಲಿ, ಕರೆಂಟು ಹೋಗಿ ಮೂರನೆಯ ದಿನ ಮಾಡಬೇಕು.

ಕರೆಂಟಿನ ಮಾತು ಬಂದದ್ದರಿಂದ ಆಮ್ಲಜನಕದ ಬಗ್ಗೆ ಹೇಳುತ್ತೇನೆ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತ ಸುದ್ದಿ ಬಂದ ದಿನ ನಾವೆಲ್ಲ ನಮ್ಮ ಜಿಲ್ಲೆಯನ್ನೇ ನೆನೆದು ಹೆದರಿದ್ದೆವು, ಏಕೆಂದರೆ ನಮಗೂ ದೊಡ್ಡ ಆಸರೆ ಎಂದರೆ ಮೈಸೂರು ಅಥವಾ ಮಂಗಳೂರು. ಎರಡೂ ಊರುಗಳು ಮಡಿಕೇರಿಯಿಂದ ನೂರು ಕಿಲೋಮೀಟರ್‌ಗಿಂತ ದೂರ, ನಡುವೆ ಘಾಟಿ ಅಥವಾ ಕಾಡು. ಆಮೇಲೆ ಹಲವು ಆಸ್ಪತ್ರೆಗಳಲ್ಲಿ, ಗಾಳಿಯಿಂದಲೇ ಆಮ್ಲಜನಕ ತಯಾರಿಸುವ ಪಿಎಸ್‌ಎ ಘಟಕಗಳು ಬಂದವು. ಗಾಳಿಯನ್ನು ಒತ್ತಡದಲ್ಲಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿದಾಗ ಅವು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತವೆ. ಇದೇ ಅದರ ಕೆಲಸದ ರೀತಿ. ಅದಕ್ಕೆ ಟ್ಯಾಂಕರ್ ಬೇಡ, ಆದರೆ ಕಂಪ್ರೆಸರ್ ಓಡಲು ಕರೆಂಟು ಬೇಕೇಬೇಕು. ಮರ ಬಿದ್ದು ಲೈನ್ ಹೋಗುವುದೇ ಮಾಮೂಲಾದ ಕೊಡಗಿನಲ್ಲಿ ಜನರೇಟರ್‌ನ ಡೀಸೆಲ್‌ಗೆ ಯಾರ ಹಣ, ಫಿಲ್ಟರ್ ಬದಲಿಸಲು ಯಾರು ಬರುತ್ತಾರೆ, ಶುದ್ಧತೆ ಅಳೆದ ಕೊನೆಯ ದಿನಾಂಕ ಯಾವುದು ಎಂಬುದು ಘಟಕದ ಉದ್ಘಾಟನೆಯ ಫಲಕಕ್ಕಿಂತ ಮುಖ್ಯ.

ವೇಗವನ್ನು ಅಳೆಯಲು ‘7-1-7’ ಎಂಬ ಅಂತರರಾಷ್ಟ್ರೀಯ ಅಳತೆ ಇದೆ: ರೋಗ ಕಾಣಿಸಿಕೊಂಡ 7 ದಿನಗಳೊಳಗೆ ಪತ್ತೆ, 1 ದಿನದೊಳಗೆ ವರದಿ, ಮುಂದಿನ 7 ದಿನಗಳೊಳಗೆ ಆರಂಭಿಕ ಕ್ರಮಗಳು. ಇದನ್ನು ಪ್ರತಿ ಜಿಲ್ಲೆಯ ಪ್ರತಿ ಪ್ರಕರಣಕ್ಕೂ ಹಚ್ಚಿ ನೋಡಬಹುದು. ಯಾರದೇ ಮಾನ ಕಳೆಯದೆ, ವಿಳಂಬ ಎಲ್ಲಿ ಆಯಿತೆಂದು ಅದು ತೋರಿಸುತ್ತದೆ. ಮೊದಲ ವಾರಗಳಲ್ಲಿ ನಾವು ತೆಗೆದ ಗಂಟಲು ದ್ರವದ ಮಾದರಿಗಳು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಜಿಲ್ಲೆಯ ಹೊರಗಿನ ಪ್ರಯೋಗಾಲಯಕ್ಕೆ ಹೋಗಬೇಕಿತ್ತು, ಜೀಪು ಎಲ್ಲ ಕೇಂದ್ರಗಳನ್ನು ಸುತ್ತಿ ಬರುವವರೆಗೆ ಮೊದಲ ಮಾದರಿ ಕಾಯುತ್ತಿತ್ತು. ಗಡಿಯ ವಿಷಯದಲ್ಲಿಯೂ ಅಷ್ಟೇ. ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಆ ಕಡೆಯ ಆರೋಗ್ಯ ನಿರೀಕ್ಷಕರ ಒಂದು ಫೋನ್ ನಂಬರ್ ಕೂಡ ನನ್ನ ಬಳಿ ಇರಲಿಲ್ಲ. ಒಬ್ಬ ಸೋಂಕಿತನ ಪ್ರಾಥಮಿಕ ಸಂಪರ್ಕಿತರು ಗಡಿಯಾಚೆಯ ಇರಿಟ್ಟಿಯಲ್ಲಿದ್ದಾರೆಂದು ತಿಳಿದರೂ ಆ ಮಾಹಿತಿ ಮಡಿಕೇರಿ, ಬೆಂಗಳೂರು, ತಿರುವನಂತಪುರ, ಕಣ್ಣೂರು ಸುತ್ತಿ ಅಲ್ಲಿಗೆ ತಲುಪಬೇಕಿತ್ತು.

ಕೊನೆಯದಾಗಿ, ದುಡಿದವರ ಮಾತು. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದ್ದರು. ಸೋಂಕು ಏರುತ್ತಿದ್ದ ಹೊತ್ತಿನಲ್ಲಿ ಅವರು ಆ ಹಂತಕ್ಕೆ ಬಂದರೆಂಬುದನ್ನು ಸಿದ್ಧತೆಯ ಕೊರತೆ ಎಂದೇ ದಾಖಲಿಸಬೇಕು.

ನೀವು ಯಾವ ಊರಿನವರೋ ನನಗೆ ತಿಳಿಯದು, ಆದರೆ ನಿಮ್ಮ ಪಂಚಾಯಿತಿಯಲ್ಲಿಯೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಕೋವಿಡ್ ಕಾಲದ ರಿಜಿಸ್ಟರುಗಳು ಯಾರ ಬಳಿ ಇವೆ, ಅವುಗಳನ್ನು ಫೋಟೊ ತೆಗೆಸಿ ಇಡಲು ಪಂಚಾಯಿತಿ ಒಪ್ಪುತ್ತದೆಯೇ, ಆ ದಿನಗಳಲ್ಲಿ ಓಡಾಡಿದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಒಂದು ಮಧ್ಯಾಹ್ನ ಕೂರಿಸಿ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬಹುದೇ ಎಂದು ಕೇಳಿ. ನಮ್ಮಲ್ಲಿ ಹೀಗೆ ಕೇಳಿದಾಗ ಏಳು ಮಂದಿ ಬಂದರು, ಮಧ್ಯಾಹ್ನ ಎರಡು ಗಂಟೆಗೆ ಶುರುವಾದ ಮಾತು ಕತ್ತಲಾದರೂ ಮುಗಿಯಲಿಲ್ಲ.