200-500ಕ್ಕೆ ಟೆಲಿಕನ್ವರ್ಟರ್ ಬೇಕಾ?

ನಿಕಾನ್ ಡಿ7500, 200-500 ಎಂಎಂ ಲೆನ್ಸ್ ಇದೆ, ಕಬಿನಿ ಸಫಾರಿಗೆ 1.4 ಪಟ್ಟಿನ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿ ದೂರದ್ದನ್ನು ಇನ್ನೂ ಹತ್ತಿರ ತೋರಿಸುವ ಸಾಧನ) ತಗೊಳ್ಳಲಾ, 2 ಪಟ್ಟಿನದು ತಗೊಳ್ಳಲಾ ಅಂತ ಕೇಳಿದ್ದೀರಿ. 2 ಬೇಡವೇ ಬೇಡ. ಎರಡು ಸ್ಟಾಪ್ ಬೆಳಕು ನುಂಗುತ್ತದೆ, ಅಂದರೆ ಕಾಲು ಭಾಗ ಮಾತ್ರ ಉಳಿಯುತ್ತದೆ. ಲೆನ್ಸಿನ ದ್ವಾರ ಎಫ್ 5.6 ಇದ್ದದ್ದು ಎಫ್ 11 ಆಗುತ್ತದೆ (ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ), ಆಟೋಫೋಕಸ್ ನಂಬುವ ಹಾಗಿಲ್ಲ.

1.4 ಹಾಕಿದರೆ 700 ಎಂಎಂ, ಎಫ್ 8. ನಿಮ್ಮ ಕ್ಯಾಮೆರಾದಲ್ಲಿ ಎಫ್ 8ಕ್ಕೆ ಕೆಲಸ ಮಾಡುವುದು ನಡುವಿನ ಒಂದೇ ಫೋಕಸ್ ಪಾಯಿಂಟ್. ಕೊಂಬೆ ಮೇಲೆ ಕೂತ ಹದ್ದಿಗೆ ಸಾಕು, ಓಡುವ ಸೀಳುನಾಯಿಗೆ ಕಷ್ಟ. ಅದೂ ಬೆಳಗಿನ ಸಫಾರಿ ಶುರುವಾದಾಗ ಕಾಡೊಳಗೆ ಬೆಳಕೆಲ್ಲಿರುತ್ತದೆ? ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ ಏರಿಸಿ ಫೋಟೋ ರವೆ ಚೆಲ್ಲಿದ ಹಾಗಾಗುತ್ತದೆ.

ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕದು) ಅಲ್ವಾ, 500 ಈಗಲೇ ಫುಲ್ ಫ್ರೇಮಿನ 750ರಷ್ಟು ನೋಟ ಕೊಡುತ್ತಿದೆ. ರಂಗನತಿಟ್ಟಿನ ದೋಣಿಯಲ್ಲಂತೂ ಅಷ್ಟೂ ಜಾಸ್ತಿಯೇ. ನಾನಾದರೆ ಆ ದುಡ್ಡಲ್ಲಿ ಲೆನ್ಸ್ ಊರಿಡಲು ಒಳ್ಳೆ ಬೀನ್ ಬ್ಯಾಗ್ ತಗೊಂಡು ಅಕ್ಕಿ ತುಂಬಿಸುತ್ತೇನೆ. ಲೆನ್ಸೇ 2.3 ಕೆಜಿ, ಜೀಪಲ್ಲಿ ಕೈ ನಡುಗುತ್ತದೆ.

ಆಸೆ ಹೋಗದಿದ್ದರೆ ಬೆಂಗಳೂರಲ್ಲೇ ಬಾಡಿಗೆಗೆ ಸಿಗುತ್ತದೆ. ವೀಕೆಂಡಿಗೆ ನಿಕಾನಿನ 1.4 ಕನ್ವರ್ಟರ್ ಟಿಸಿ-14ಇ ಥ್ರೀ ತಂದು ಹೆಬ್ಬಾಳ ಕೆರೆಯಲ್ಲಿ ನೋಡಿ. ಬೆಳಗ್ಗೆಯೇ ಹೋಗಿ, ಬಿಸಿಲೇರಿದ ಮೇಲೆ ಬಿಸಿ ಗಾಳಿ ಅಲುಗಿ ದೂರದ ಹಕ್ಕಿ ಯಾವ ಲೆನ್ಸಿಗೂ ಶಾರ್ಪ್ ಬರಲ್ಲ.