ಉಳಿ ಹಿಡಿದವರ ಕೂಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಮರಗೆತ್ತನೆಯ ಹವ್ಯಾಸಿ ಸಂಘಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಅನೇಕರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೆಲವಕ್ಕೆ ಇಲ್ಲಿ ಉತ್ತರ ಕೊಡಲಾಗಿದೆ.

ಪ್ರಶ್ನೆ: ನಾನು ಈಚೆಗೆ ನಿವೃತ್ತನಾಗಿದ್ದೇನೆ. ಮರ ಕೆತ್ತಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇದೆ, ಆದರೆ ಉಳಿ ಹಿಡಿದ ಅನುಭವವಿಲ್ಲ. ಸ್ವಲ್ಪ ಕಲಿತ ಮೇಲೆ ಸಂಘಕ್ಕೆ ಸೇರಲೇ ಅಥವಾ ಈಗಲೇ ಸೇರಬಹುದೇ? ಅಲ್ಲಿ ಏನೇನು ನಡೆಯುತ್ತದೆ?

ಉತ್ತರ: ಈಗಲೇ ಸೇರಿಕೊಳ್ಳಿ. ಒಬ್ಬರೇ ಕುಳಿತು ಕಲಿತವರು ಸಂಘಕ್ಕೆ ಬಂದಾಗ ಹಳೆಯ ಅಭ್ಯಾಸಗಳನ್ನು ಬಿಡಿಸಿಕೊಳ್ಳುವುದಕ್ಕೇ ಬಹಳ ಕಾಲ ಹಿಡಿಯುತ್ತದೆ. ಚಾಕುವನ್ನು ತಪ್ಪಾಗಿ ಹಿಡಿದು ರೂಢಿಯಾದ ಕೈ ಆ ಹಿಡಿತವನ್ನು ಸುಲಭವಾಗಿ ಮರೆಯುವುದಿಲ್ಲ. ಏನೂ ತಿಳಿಯದೆ ಬಂದವರಿಗೆ ಆ ತೊಡಕು ಇರುವುದಿಲ್ಲ.

ಒಳ್ಳೆಯ ಸಂಘದ ಕೂಟವೆಂದರೆ ಬಹುಪಾಲು ಕೆಲಸವೇ. ಲೆಕ್ಕಪತ್ರ, ಪ್ರಕಟಣೆ ಮುಂತಾದವು ಬೇಗ ಮುಗಿಯುತ್ತವೆ, ಮುಗಿಯಲೂ ಬೇಕು. ಆಮೇಲೆ ಎಲ್ಲರೂ ಮೇಜುಗಳ ಸುತ್ತ ಕುಳಿತು ತಮ್ಮ ತಮ್ಮ ತುಂಡನ್ನು ಕೆತ್ತುತ್ತಾರೆ. ಅನುಭವಿಗಳೊಬ್ಬರು ಕಣ್ಣು, ಕಿವಿ, ಬಟ್ಟೆಯ ಮಡಿಕೆ, ಹಕ್ಕಿಯ ಗರಿ ಹೀಗೆ ಒಂದೇ ಒಂದು ವಿಷಯವನ್ನು ಎತ್ತಿಕೊಂಡು ಮಾಡಿ ತೋರಿಸುತ್ತಾರೆ. ಕೊನೆಯಲ್ಲಿ, ಮುಗಿದ ಕೆಲಸವನ್ನೂ ಮುಗಿಯದ ಕೆಲಸವನ್ನೂ ಮೇಜಿನ ಮೇಲಿಟ್ಟು ಎಲ್ಲರ ಅಭಿಪ್ರಾಯ ಕೇಳುವ ಹೊತ್ತು ಇರುತ್ತದೆ. ಕೂಟದ ತಿರುಳು ಅದೇ ಎಂದು ನನಗೆ ತೋರುತ್ತದೆ. ಹೊಸಬರು ಕೆತ್ತಿದ ಮುಖಗಳು ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತವೆ. ಕಣ್ಣುಗಳನ್ನು ಮೂಗಿನ ಮಟ್ಟದಿಂದ ಸಾಕಷ್ಟು ಆಳಕ್ಕೆ ಇಳಿಸುವ ಧೈರ್ಯ ಯಾರಿಗೂ ಮೊದಲಿಗೆ ಬರುವುದಿಲ್ಲ. ಕೆತ್ತಿದವರ ಕಣ್ಣಿಗೆ ಕಾಣದ ಈ ಕೊರತೆ, ಅದನ್ನು ಕೈಗೆತ್ತಿಕೊಂಡು ಒಮ್ಮೆ ಪಕ್ಕದಿಂದ ನೋಡಿದ ಇನ್ನೊಬ್ಬರಿಗೆ ತಟ್ಟನೆ ಕಾಣುತ್ತದೆ.

ಮೊದಲಿಗೆ ಒಂದು ಒಳ್ಳೆಯ ಚಾಕು, ಒಂದು ಮೆದು ಮರದ ತುಂಡು ಸಾಕು. ಯುರೋಪಿನ ಲೈಮ್ (ನಿಂಬೆ ಮರವಲ್ಲ), ಅಮೆರಿಕದ ಬಾಸ್‌ವುಡ್ ಒಂದೇ ಕುಲದ ಮರಗಳು. ಇವುಗಳ ಎಳೆ, ಅಂದರೆ ನಾರಿನ ಸಾಲು, ಸಮವಾಗಿ, ನಯವಾಗಿ ಇರುವುದರಿಂದ ಉಳಿ ಯಾವ ಕಡೆಗೆ ಹೋದರೂ ಮರ ಹೆಚ್ಚು ಹಟ ಮಾಡುವುದಿಲ್ಲ. ಜರ್ಮನಿಯ ಟಿಲ್ಮನ್ ರೀಮನ್‌ಷ್ನೈಡರ್ ಮತ್ತು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಗ್ರಿನ್ಲಿಂಗ್ ಗಿಬ್ಬನ್ಸ್ (1648–1721) ತಮ್ಮ ಅತಿ ಸೂಕ್ಷ್ಮ ಕೆಲಸಗಳಿಗೆ ಲೈಮ್ ಮರವನ್ನೇ ಆರಿಸಿಕೊಂಡದ್ದಕ್ಕೂ ಇದೇ ಕಾರಣ. ಉಳಿಗಳ ದೊಡ್ಡ ಪೆಟ್ಟಿಗೆಯನ್ನು ಒಮ್ಮೆಗೇ ಕೊಳ್ಳಬೇಡಿ. ಉಳಿಯ ಬಾಯಿ ಎಷ್ಟು ಬಾಗಿದೆ ಎಂಬುದನ್ನು ಸಂಖ್ಯೆಯಿಂದ ಗುರುತಿಸುವ ರೂಢಿಯಿದೆ: ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಿಯಲ್ಲಿ 1 ಎಂದರೆ ನೇರ ಬಾಯಿ, 3 ಎಂದರೆ ತುಸು ಬಾಗು, 9ರ ಹೊತ್ತಿಗೆ ಅದು ಸರಿಸುಮಾರು ಅರೆವೃತ್ತ, 11 ಎಂದರೆ ಆಳವಾದ ತೋಡು. ಅಗಲವನ್ನು ಬೇರೆಯಾಗಿ ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ತಯಾರಕರು ಬದಲಾದಂತೆ ಈ ಸಂಖ್ಯೆಗಳ ಅರ್ಥವೂ ತುಸು ಬದಲಾಗುವುದರಿಂದ, ಸಂಘದ ಸದಸ್ಯರ ಉಳಿಗಳನ್ನು ಕೇಳಿ ಪಡೆದು ಬಳಸಿ ನೋಡಿದ ಮೇಲೆ, ನಿಮ್ಮ ಕೈ ಪದೇ ಪದೇ ಯಾವುದನ್ನು ಹುಡುಕುತ್ತದೆಯೋ ಅದನ್ನು ಮಾತ್ರ ಕೊಳ್ಳಿ.

ಪ್ರಶ್ನೆ: ನಾನು ಕೆತ್ತುವಾಗ ಮರ ಸೀಳಿಬರುತ್ತದೆ. ಉಳಿ ಹೊಸದು, ಆದರೂ ಹೀಗಾಗುತ್ತದೆ. ನಮ್ಮ ಸಂಘದ ಹಿರಿಯರು ಅರ್ಧ ಗಂಟೆಗೊಮ್ಮೆ ಚರ್ಮದ ಪಟ್ಟಿಗೆ ಉಳಿಯನ್ನು ಉಜ್ಜಬೇಕೆನ್ನುತ್ತಾರೆ. ಇದು ಅತಿಯಾಯಿತಲ್ಲವೇ?

ಉತ್ತರ: ಅತಿಯಲ್ಲ, ಅವರು ಹೇಳಿದ್ದೇ ಸರಿ. ಅಂಗಡಿಯಿಂದ ಬಂದ ಹೊಸ ಉಳಿ ಎಷ್ಟೋ ಸಲ ಕೆತ್ತುವುದಕ್ಕೆ ಬೇಕಾದಷ್ಟು ಹರಿತವಾಗಿರುವುದಿಲ್ಲ. ಮಸೆಗಲ್ಲಿನ ಮೇಲೆ ಒರಟಿನಿಂದ ನಯಕ್ಕೆ ಹಂತಹಂತವಾಗಿ ಮಸೆದು, ಕೊನೆಗೆ ಹೊಳಪಿನ ಲೇಪ ಹಚ್ಚಿದ ಚರ್ಮದ ಮೇಲೆ ಎಳೆಯಬೇಕು. ಚರ್ಮದ ಮೇಲೆ ಉಳಿಯನ್ನು ಯಾವಾಗಲೂ ಹಿಮ್ಮುಖವಾಗಿ ಎಳೆಯಬೇಕೇ ಹೊರತು ಬಾಯಿ ಮುಂದಾಗಿ ನೂಕಬಾರದು, ನೂಕಿದರೆ ಚರ್ಮ ಕತ್ತರಿಸುತ್ತದೆ. ಎಳೆತದ ಕೊನೆಯಲ್ಲಿ ಹಿಡಿಯನ್ನು ಮೇಲಕ್ಕೆತ್ತುವ ಅಭ್ಯಾಸ ಬಹಳ ಜನರಲ್ಲಿದೆ. ಅದರಿಂದ ಅಂಚು ದುಂಡಗಾಗಿ, ಉಳಿ ಹೊಳೆಯುತ್ತಿದ್ದರೂ ಮರವನ್ನು ಕಚ್ಚದೆ ಜಾರುತ್ತದೆ. ಹರಿತವನ್ನು ಪರೀಕ್ಷಿಸಲು ಬೆರಳು ಬೇಡ. ಮೆದು ಮರದಲ್ಲಿ ಎಳೆಗೆ ಅಡ್ಡಲಾಗಿ ಒಂದು ಕೊಯ್ತ ಹಾಕಿ ನೋಡಿ. ಕೊಯ್ದ ಜಾಗ ಹೊಳೆದರೆ ಉಳಿ ಸರಿಯಿದೆ. ಅದರಲ್ಲಿ ಬಿಳಿ ಗೆರೆ ಮೂಡಿದರೆ ಅಂಚು ಎಲ್ಲೋ ಮುಕ್ಕಾಗಿದೆ. ಪುಡಿಪುಡಿಯಾಗಿ ಹರಿದರೆ ಮತ್ತೆ ಕಲ್ಲಿಗೆ ಹೋಗಬೇಕು.

ಸೀಳುವುದಕ್ಕೆ ಇನ್ನೊಂದು ಕಾರಣ ದಿಕ್ಕು. ಮರದ ಎಳೆಗಳು ಮೇಲ್ಮೈಯತ್ತ ಎದ್ದು ಬರುವ ಕಡೆಗೆ ಕೆತ್ತಿದರೆ ಚಕ್ಕೆ ಸುರುಳಿಯಾಗಿ ಏಳುತ್ತದೆ. ಎಳೆಗಳು ಒಳಕ್ಕೆ ಇಳಿಯುವ ಕಡೆಗೆ ಕೆತ್ತಿದರೆ ಉಳಿ ಎಳೆಯ ಜಾಡು ಹಿಡಿದು ಒಳನುಗ್ಗುತ್ತದೆ, ಆಗಲೇ ಮರ ಸೀಳುವುದು. ಸೀಳುವ ಸೂಚನೆ ಕಂಡ ಕೂಡಲೇ ಎದುರು ದಿಕ್ಕಿನಿಂದ ಬನ್ನಿ. ಕೂಟದಲ್ಲಿ ಕಲಿತವರಿಗೆ ಇದು ಬೇಗ ಒಲಿಯುವುದಕ್ಕೆ ಕಾರಣವಿದೆ. ಹರಿತವಾದ ಉಳಿ ಎಳೆಗೆ ಅನುಕೂಲವಾಗಿ ಸಾಗುವಾಗ ಬರುವ ಸದ್ದೇ ಬೇರೆ, ಮರ ಹರಿಯುವಾಗಿನ ಸದ್ದೇ ಬೇರೆ. ಪಕ್ಕದಲ್ಲಿ ಕುಳಿತ ಹಿರಿಯರು ತಲೆಯೆತ್ತಿ ನೋಡದೆಯೇ, ಸದ್ದು ಕೇಳಿಯೇ, ತುಂಡನ್ನು ತಿರುಗಿಸಿ ಹಿಡಿಯಿರಿ ಎನ್ನುತ್ತಾರೆ.

ಪ್ರಶ್ನೆ: ನಮ್ಮ ಸಂಘದಲ್ಲಿ ಎರಡು ಪಕ್ಷಗಳಿವೆ. ಕೊನೆಯಲ್ಲಿ ಉಜ್ಜುಕಾಗದದಿಂದ ನಯಗೊಳಿಸಲೇಬೇಕು ಎನ್ನುವವರು ಕೆಲವರು, ಉಳಿಯ ಗುರುತು ಉಳಿಯಲೇಬೇಕು ಎನ್ನುವವರು ಕೆಲವರು. ಯಾರ ಮಾತು ಸರಿ?

ಉತ್ತರ: ವಸ್ತುವನ್ನು ನೋಡಿ ತೀರ್ಮಾನಿಸಬೇಕಾದ ವಿಷಯವಿದು. ಸ್ವೀಡನ್ನಿನ ಆಕ್ಸೆಲ್ ಪೆಟರ್ಸನ್ (1868–1925), ಡೋಡರ್‌ಹುಲ್ಟಾರನ್ ಎಂದೇ ಪ್ರಸಿದ್ಧರು, ಹಳ್ಳಿಯ ಜನರ ಆಕೃತಿಗಳನ್ನು ಚಾಕುವಿನ ದೊಡ್ಡ ದೊಡ್ಡ ಸಪಾಟು ಕೊಯ್ತಗಳಲ್ಲೇ ಮುಗಿಸಿದರು. ಆ ಗುರುತುಗಳನ್ನು ಉಜ್ಜಿಹಾಕಿದ್ದರೆ ಆ ಮುಖಗಳ ಕಸುವೇ ಹೋಗುತ್ತಿತ್ತು. ಆದರೆ ಕೈಯಲ್ಲಿ ಸವರುತ್ತ ಹಿಡಿಯುವ ವಸ್ತುವಿಗೆ ನಯ ಬೇಕೇ ಬೇಕು. ನನ್ನ ಒಲವು ಉಳಿಯ ಗುರುತಿನ ಕಡೆಗಿದೆ, ಏಕೆಂದರೆ ಉಜ್ಜುಕಾಗದವನ್ನು ನೆಚ್ಚಿಕೊಂಡವರು ಮಸೆಯುವುದನ್ನು ಅಲಕ್ಷಿಸುತ್ತಾರೆ. ಎರಡೂ ಪಕ್ಷದವರು ಒಪ್ಪಬೇಕಾದ ನಿಯಮ ಒಂದಿದೆ: ಕೆತ್ತನೆ ಪೂರ್ತಿಯಾಗುವ ಮೊದಲು ಉಜ್ಜಬಾರದು. ಕಾಗದದಿಂದ ಉದುರಿದ ಕಣಗಳು ಮರದೊಳಗೆ ಸಿಕ್ಕಿಕೊಂಡು, ಮುಂದಿನ ಕೊಯ್ತದಲ್ಲಿ ಉಳಿಯ ಅಂಚನ್ನು ಕೆಡಿಸುತ್ತವೆ.

ಪ್ರಶ್ನೆ: ಹನ್ನೊಂದು ವರ್ಷದ ನನ್ನ ಮಗಳು ಸಂಘಕ್ಕೆ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ಕೈ ಕೊಯ್ದುಕೊಂಡಾಳೆಂಬ ಭಯ ನನಗೆ. ಕಳುಹಿಸಲೇ?

ಉತ್ತರ: ನೀವೂ ಜೊತೆಗೆ ಹೋಗಿ, ಆಗ ಭಯವಿರದು. ಸಾಬೂನಿನ ಗಟ್ಟಿಯಿಂದ ಆರಂಭಿಸಿದರೆ, ಮೊಂಡು ಚಾಕುವಿನಿಂದಲೇ ಆಕಾರ ತೆಗೆಯುವುದನ್ನು ಮಗು ಕಲಿಯುತ್ತದೆ. ಮರಕ್ಕೆ ಬಂದಾಗ ಮಾತ್ರ ಚಾಕು ಪೂರ್ತಿ ಹರಿತವಾಗಿರಬೇಕು, ಏಕೆಂದರೆ ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರಿ ಕೈಗೆ ಬರುತ್ತದೆ. ತುಂಡನ್ನು ಹಿಡಿದ ಕೈಗೆ ಕೊಯ್ತ ತಡೆಯುವ ಕೈಗವಸು, ಚಾಕು ಹಿಡಿದ ಕೈಯ ಹೆಬ್ಬೆರಳಿಗೆ ಚರ್ಮದ ಕವಚ ಇರಲಿ. ಕೈಗವಸು ಅಂಚಿನ ಕೊಯ್ತವನ್ನು ತಡೆಯುತ್ತದೆಯೇ ವಿನಾ ಮೊನೆಯ ಚುಚ್ಚನ್ನು ಪೂರ್ತಿ ತಡೆಯುವುದಿಲ್ಲ ಎಂಬುದನ್ನು ಅವಳಿಗೆ ತಿಳಿಸಿ ಹೇಳಿ. ತೊಡೆಯ ಮೇಲೆ ತುಂಡನ್ನಿಟ್ಟು ಕೆತ್ತುವುದಕ್ಕೆ ಎಂದೂ ಬಿಡಬೇಡಿ.

ಗಾಯಕ್ಕಿಂತ ಕಡಿಮೆ ಚರ್ಚೆಯಾಗುವ ಅಪಾಯ ದೂಳು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಚಾಕುವಿನಿಂದ ಏಳುವ ಚಕ್ಕೆಗಳಿಂದ ಈ ತೊಂದರೆ ಅಷ್ಟಾಗಿ ಇಲ್ಲ; ಯಂತ್ರದಿಂದ ಕೆತ್ತುವಾಗ, ಉಜ್ಜುವಾಗ ಏಳುವ ನುಣ್ಣನೆಯ ದೂಳೇ ಅಪಾಯಕಾರಿ. ಆದ್ದರಿಂದ ಯಂತ್ರ ಬಳಸುವವರಿಗೆ ದೂಳು ಹೀರುವ ವ್ಯವಸ್ಥೆಯುಳ್ಳ ಬೇರೆ ಕೋಣೆ ಇರುವ ಸಂಘವನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ನಾನು ಒಂದು ಸಂಘದ ಕಾರ್ಯದರ್ಶಿ. ಹೊಸಬರು ಉತ್ಸಾಹದಿಂದ ಬರುತ್ತಾರೆ, ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ. ನಮ್ಮ ಹಿರಿಯ ಸದಸ್ಯರು ಪ್ರದರ್ಶನಗಳಲ್ಲಿ ಬಹುಮಾನ ಪಡೆದವರು, ಕಲಿಸಲು ಸಿದ್ಧರಿರುವವರು. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಮೊದಲು ಕೂಟದ ದಿನ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಗಮನಿಸಿ. ಬಹುಮಾನಿತರೆಲ್ಲ ಒಂದು ಮೇಜು, ಹೊಸಬರೆಲ್ಲ ಬಾಗಿಲ ಬಳಿಯ ಇನ್ನೊಂದು ಮೇಜು ಎಂದಾಗಿದ್ದರೆ, ಕಲಿಸುವ ಮನಸ್ಸು ಎಷ್ಟಿದ್ದರೂ ಕಲಿಸುವ ಸಂದರ್ಭ ಬರುವುದೇ ಇಲ್ಲ. ಪ್ರಶ್ನೆ ಕೇಳಲು ಎದ್ದು ಹೋಗಬೇಕಾದಾಗ ಹೊಸಬರು ಕೇಳುವುದಿಲ್ಲ; ಪಕ್ಕದಲ್ಲೇ ಕುಳಿತವರನ್ನಾದರೆ ಕೇಳುತ್ತಾರೆ. ಹೊಸಬರೊಬ್ಬರಿಗೆ ಹಳಬರೊಬ್ಬರನ್ನು ಜೊತೆಮಾಡಿ ಕೂರಿಸಿ.

ಎರಡನೆಯದಾಗಿ, ಹಿರಿಯರ ಕೈಯನ್ನು ಗಮನಿಸಿ. ಹೊಸಬರ ತುಂಡನ್ನು ತೆಗೆದುಕೊಂಡು, "ಹೀಗೆ ಮಾಡಿ" ಎಂದು ನಾಲ್ಕು ಕೊಯ್ತದಲ್ಲಿ ಸರಿಪಡಿಸಿ ಹಿಂದಿರುಗಿಸುವುದು ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಆ ಕ್ಷಣದಿಂದ ಆ ತುಂಡು ಕೆತ್ತಿದವರದ್ದಾಗಿ ಉಳಿಯುವುದಿಲ್ಲ, ಮನೆಗೆ ಹೋಗಿ ಇದು ನಾನು ಮಾಡಿದ್ದು ಎಂದು ತೋರಿಸಲು ಅವರಿಗೆ ಮನಸ್ಸು ಬರುವುದಿಲ್ಲ. ಕಲಿಸುವವರು ತಮ್ಮದೇ ಬೇರೆ ತುಂಡಿನ ಮೇಲೆ ಮಾಡಿ ತೋರಿಸಲಿ, ಅಥವಾ ಹೊಸಬರ ತುಂಡಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಕೊಡಲಿ. ಉಳಿ ಮಾತ್ರ ಕಲಿಯುವವರ ಕೈಯಲ್ಲೇ ಇರಲಿ. ಇದನ್ನು ಸಂಘದ ಕಟ್ಟುನಿಟ್ಟಿನ ನಿಯಮವಾಗಿಯೇ ಮಾಡಿಕೊಳ್ಳಿ ಎಂದು ನಾನು ಒತ್ತಾಯಿಸುತ್ತೇನೆ.

ಮೂರನೆಯದಾಗಿ, ಎಲ್ಲರೂ ಸೇರಿ ಮಾಡುವ ಕೆಲಸ ಬೇಕು. ಒಂದೇ ಅಳತೆಯ ತುಂಡು, ಒಂದೇ ನಕ್ಷೆಯನ್ನು ಎಲ್ಲರಿಗೂ ಕೊಟ್ಟು ಕೆತ್ತಿಸಿದರೆ, ಪ್ರತಿಯೊಬ್ಬರ ಕೈ ಎಷ್ಟು ಬೇರೆ ಎಂಬುದು ಕಾಣುತ್ತದೆ; ಹಿರಿಯರಿಗೂ ಅದರಲ್ಲಿ ಹೊಸತು ಸಿಗುತ್ತದೆ. ಕೈ ಬದಲಿಸುವ ಕೆತ್ತನೆ ಇನ್ನೂ ಒಳ್ಳೆಯದು: ಪ್ರತಿಯೊಬ್ಬರೂ ಒಂದು ತುಂಡನ್ನು ಆರಂಭಿಸಿ, ಗೊತ್ತಾದ ಸಮಯ ಮುಗಿದ ಕೂಡಲೇ ಪಕ್ಕದವರಿಗೆ ದಾಟಿಸುತ್ತಾರೆ, ಹಾಗೆಯೇ ಸುತ್ತು ಪೂರ್ತಿಯಾಗುವವರೆಗೆ. ಇಲ್ಲಿ ಎಲ್ಲರ ತುಂಡಿಗೂ ಎಲ್ಲರ ಕೈ ಬೀಳುವುದರಿಂದ ನಾಚಿಕೆಯೂ ಇಲ್ಲ, ಪೈಪೋಟಿಯೂ ಇಲ್ಲ. ಬಹುಮಾನಿತರು ಅರಳಿಸಿದ ಹೂವಿನ ಪಕ್ಕದಲ್ಲೇ ತಾವು ಕೆತ್ತಿದ ಸೊಟ್ಟ ಎಲೆಯೂ ಉಳಿದಿರುವುದನ್ನು ಕಂಡ ಹೊಸಬರು ಮುಂದಿನ ಕೂಟಕ್ಕೆ ತಪ್ಪದೆ ಬರುತ್ತಾರೆ.

ಪ್ರದರ್ಶನ ನಡೆಸುವಾಗ ಹೊಸಬರ, ಮಧ್ಯಮರ, ನುರಿತವರ ವಿಭಾಗಗಳನ್ನು ಬೇರೆ ಮಾಡಿ. ಮೊದಲ ವರ್ಷದವರ ಕೆಲಸವನ್ನು ಮೂವತ್ತು ವರ್ಷ ಕೆತ್ತಿದವರ ಕೆಲಸದ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯ. ಬಳಸಲು ಕೊಡುವ ಉಳಿಗಳ ಸಾಮೂಹಿಕ ಪೆಟ್ಟಿಗೆ ಒಂದಿದ್ದರೆ, ಖರ್ಚಿಗೆ ಹೆದರಿ ಹಿಂದೆ ಸರಿಯುವವರೂ ಉಳಿಯುತ್ತಾರೆ.

ಪ್ರಶ್ನೆ: ನನ್ನ ಪತಿ ಹವ್ಯಾಸಿ ಕೆತ್ತನೆಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಉಳಿಗಳು ಪೆಟ್ಟಿಗೆಯಲ್ಲೇ ಇವೆ, ಅರ್ಧ ಕೆತ್ತಿದ ಒಂದು ಗೂಬೆಯೂ ಇದೆ. ಎಲ್ಲವನ್ನೂ ಸಂಘಕ್ಕೆ ಕೊಟ್ಟುಬಿಡಲೇ?

ಉತ್ತರ: ಅವಸರ ಬೇಡಮ್ಮಾ. ಮೊದಲು ಪೆಟ್ಟಿಗೆಯನ್ನು ಸಂಘಕ್ಕೆ ಒಯ್ದು ತೋರಿಸಿ. ತುಕ್ಕು ತೆಗೆದು, ಎಣ್ಣೆ ಸವರಿ, ಯಾವ ಉಳಿ ಯಾವ ಕೆಲಸದ್ದೆಂದು ಹೇಳಿಕೊಡುವವರು ಅಲ್ಲಿರುತ್ತಾರೆ. ವರ್ಷಗಟ್ಟಲೆ ನಿಮ್ಮ ಪತಿಯ ಪಕ್ಕದಲ್ಲಿ ಕುಳಿತು ಕೆತ್ತಿದವರಿಗೆ ಅವರ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿಗಳೂ ಗೊತ್ತಿರಬಹುದು. ಇಷ್ಟವಾದರೆ ಅವರದೇ ಒಂದು ಚಾಕು ಹಿಡಿದು ನೀವೂ ಕಲಿಯಿರಿ, ಇಷ್ಟವಾಗದಿದ್ದರೆ ಆಗ ಕೊಡಿ. ಗೂಬೆಯನ್ನು ಮಾತ್ರ ಬೇರೆಯವರಿಂದ ಪೂರ್ತಿಮಾಡಿಸಬೇಡಿ. ಅವರ ಕೊಯ್ತಗಳು ಅದರಲ್ಲಿ ಇದ್ದ ಹಾಗೆಯೇ ಇವೆ.

ಪ್ರಶ್ನೆ: ದಪ್ಪ ದಿಮ್ಮಿಯಿಂದ ಕೆತ್ತಿದ ವಿಗ್ರಹ ಮೂರೇ ತಿಂಗಳಲ್ಲಿ ಉದ್ದಕ್ಕೂ ಬಿರಿದಿದೆ. ಕಾರಣವೇನು?

ಉತ್ತರ: ಮರ ಒಣಗಿರಲಿಲ್ಲ. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗತೊಡಗುತ್ತದೆ. ವಾರ್ಷಿಕ ಬಳೆಗಳ ಸುತ್ತಲಿನ ಕುಗ್ಗುವಿಕೆ, ತಿರುಳಿನಿಂದ ತೊಗಟೆಯತ್ತ ಆಗುವ ಕುಗ್ಗುವಿಕೆಗಿಂತ ಹೆಚ್ಚುಕಡಿಮೆ ಎರಡರಷ್ಟು. ಈ ಸೆಳೆತವನ್ನು ತಾಳಲಾರದೆ ದಿಮ್ಮಿ ಬಿರಿಯುತ್ತದೆ. ಮಧ್ಯಯುಗದ ಜರ್ಮನ್ ಕೆತ್ತನೆಗಾರರು ವಿಗ್ರಹಗಳ ಬೆನ್ನನ್ನು ಟೊಳ್ಳುಮಾಡಿ ನಡುವಿನ ತಿರುಳನ್ನು ತೆಗೆಯುತ್ತಿದ್ದುದು ಇದಕ್ಕಾಗಿಯೇ. ಹಲಗೆಗಳ ಎರಡೂ ತುದಿಗೆ ಮೇಣ ಅಥವಾ ಬಣ್ಣ ಬಳಿದು, ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಿ, ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷದಂತೆ ಒಣಗಿಸಬೇಕು. ಒಬ್ಬರಿಗೆ ಇದು ದೊಡ್ಡ ಜಂಜಾಟ. ಸಂಘವಾದರೆ ಒಟ್ಟಿಗೆ ಒಣಗಿಸಿ, ಮೇಲೆ ದಿನಾಂಕ ಬರೆದಿಟ್ಟು ಹಂಚಿಕೊಳ್ಳಬಹುದು.

ಪ್ರಶ್ನೆ: ಆಸ್ಪತ್ರೆಯಲ್ಲಿರುವವರಿಗೆ, ಅಂಗೈಯಲ್ಲಿ ಹಿಡಿದುಕೊಳ್ಳಲೆಂದು ಪುಟ್ಟ ಹಕ್ಕಿಗಳನ್ನು ಕೆತ್ತಿ ಕೊಡಬೇಕೆಂದು ನಮ್ಮ ಸಂಘ ನಿರ್ಧರಿಸಿದೆ. ಗಮನಿಸಬೇಕಾದ್ದು ಏನು?

ಉತ್ತರ: ಬೇರೆ ದೇಶಗಳ ಸಂಘಗಳೂ ಬಹಳ ಪ್ರೀತಿಯಿಂದ ಮಾಡುತ್ತಿರುವ ಕೆಲಸವಿದು. ಹಕ್ಕಿಗೆ ರೆಕ್ಕೆ, ಕಾಲು, ಗರಿಗಳ ವಿವರ ಬೇಡ. ಮುಚ್ಚಿದ ಅಂಗೈಯೊಳಗೆ ಎಲ್ಲೂ ಒತ್ತದ ಆಕಾರ ಸಾಕು. ಮರದ ಎಳೆಗಳು ಕೊಕ್ಕಿನಿಂದ ಬಾಲದವರೆಗೆ ಉದ್ದಕ್ಕೆ ಹರಿಯುವಂತೆ ತುಂಡನ್ನು ಆರಿಸಿ, ಅಡ್ಡ ಎಳೆಯಾದರೆ ಎರಡೂ ಮುರಿಯುತ್ತವೆ. ಬೀಟೆಯ ಜಾತಿಯ ಮರಗಳು ಕೆಲವರ ಚರ್ಮಕ್ಕೆ ಒಗ್ಗದ ಕಾರಣ ಅವನ್ನು ಬಿಡಿ. ನುಣ್ಣಗೆ ಉಜ್ಜಿದ ಮೇಲೆ ನೀರಿನಲ್ಲಿ ಒಮ್ಮೆ ಒದ್ದೆಮಾಡಿ, ಒಣಗಿ ಎದ್ದ ನಾರನ್ನು ಮತ್ತೆ ಉಜ್ಜಿ. ಅಗಸೆ ಎಣ್ಣೆ ಹಚ್ಚುವುದಾದರೆ ಅದು ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬಿಟ್ಟು ಕೊಡಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆಮಾಡಿ ಮೂಲೆಗೆ ಎಸೆಯಬೇಡಿ, ಅವು ತಾವಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಹರವಿ ಬಯಲಲ್ಲಿ ಒಣಗಿಸಿ. ಯಾರಿಗೆ ಕೊಡಬೇಕೆಂಬುದನ್ನು ಆಸ್ಪತ್ರೆಯ ದಾದಿಯರಿಗೇ ಬಿಡುವುದು ಒಳಿತು, ಯಾರ ಕೈಗೆ ಅದು ಬೇಕಾಗಿದೆ ಎಂಬುದು ಅವರಿಗೆ ತಿಳಿದಿರುತ್ತದೆ.